ಉಣ್ಣೆಯ ಮನೆ

ಕನ್ನಡದಲ್ಲಿ 'ಬೀಡು' ಎಂಬ ಹಳೆಯ ಶಬ್ದವೊಂದುಂಟು. ದಾರಿ ನಡೆದು ಬಂದವನು ಎತ್ತುಗಳ ಕೊರಳು ಬಿಡಿಸಿ, ಹೊರೆಯನ್ನಿಳಿಸಿ, ರಾತ್ರಿಯ ಮಟ್ಟಿಗೆ ತಂಗುವ ಎಡೆಗೆ ಆ ಹೆಸರು. 'ಬಿಡು' ಎಂಬ ಧಾತುವೇ ಅದರ ಬೇರು. ಆದರೆ ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ಓದಿದವರಿಗೆ ಇದೇ ಶಬ್ದವು 'ನೆಲೆವೀಡು' ಎಂದಾಗಿ ಅರಸರ ರಾಜಧಾನಿಗೂ ಸಲ್ಲುತ್ತಿದ್ದುದು ಗೊತ್ತು. ನಾಳೆ ಎತ್ತಿಕೊಂಡು ಹೋಗುವ ಬಿಡಾರಕ್ಕೂ ನೂರು ವರುಷ ನಿಲ್ಲುವ ಪಟ್ಟಣಕ್ಕೂ ಕನ್ನಡಿಗನ ನುಡಿಯು ಒಂದೇ ಬೇರನ್ನು ಕೊಟ್ಟಿತು. ಅಲೆದಾಟವೂ ನೆಲೆಯೂ ಒಂದಕ್ಕೊಂದು ಹಗೆಯಾದ ಬಾಳುವೆಗಳಲ್ಲವೆಂದು ಆ ಹಿರಿಯರು ತಿಳಿದಿದ್ದರೆಂದು ತೋರುತ್ತದೆ.

ಇತಿಹಾಸ ಬರೆಯುವವರು ಮಾತ್ರ ಇವೆರಡರಲ್ಲಿ ಒಂದನ್ನೇ ಕಂಡರು. ಮುರಗೋಡದ ಸುತ್ತಲಿನ ಸೀಮೆಯನ್ನೇ ನೋಡಿರಿ. ಸೊಗಲದ ಗುಡಿಗೆ ಇತಿಹಾಸವುಂಟು, ಸವದತ್ತಿಯ ಕೋಟೆಗೆ ಉಂಟು, ಕಿತ್ತೂರಿನ ಪಾಳುಬಿದ್ದ ವಾಡೆಗೂ ಉಂಟು. ಕಲ್ಲು ಉಳಿಯಿತು, ಕಲ್ಲಿನೊಡನೆ ಕಥೆಯೂ ಉಳಿಯಿತು. ಆದರೆ ಸುಗ್ಗಿ ಮುಗಿದ ಮೇಲೆ ಇದೇ ಎರಿಭೂಮಿಯ ಹೊಲಗಳಲ್ಲಿ ಮಂದೆಯೊಡನೆ ಬಂದು ನಿಂತು, ಎರಡು ರಾತ್ರಿ ಕಳೆದು, ಮೂರನೆಯ ದಿನ ಬೂದಿಯ ಗುರುತೊಂದನ್ನೇ ಉಳಿಸಿ ಹೋಗುವ ಕುರುಬನ ಮನೆಗೆ ಇತಿಹಾಸವೆಲ್ಲಿ? ಅಂಥ ಮನೆಯು ಅವಶೇಷವನ್ನು ಬಿಡುವದಿಲ್ಲ. ಅವಶೇಷವಿಲ್ಲದ್ದನ್ನು ಜನರು ಮನೆಯೆಂದೇ ಎಣಿಸುವದಿಲ್ಲ. ಈ ಎಣಿಕೆಯು ಸರಿಯೋ ಎಂದು ನೋಡುವದಕ್ಕೆ, ಕುರಿಯ ಉಣ್ಣೆಯಿಂದಲೇ ಮನೆ ಕಟ್ಟಿದ ಬೇರೊಂದು ಜನದ ಕಥೆಯನ್ನು ಮೊದಲು ತಿಳಿದುಕೊಳ್ಳುವದು ಒಳ್ಳೆಯದು.

ಮಧ್ಯ ಏಸಿಯಾದ ಹುಲ್ಲುಗಾವಲುಗಳಲ್ಲಿ ಮಂಗೋಲರೂ ಕಜಾಕರೂ ಕಿರ್ಗಿಜರೂ ವಾಸಿಸುವ ದುಂಡನೆಯ ಮನೆಗೆ ಜಗತ್ತೆಲ್ಲ ಇಂದು 'ಯುರ್ಟು' ಎನ್ನುತ್ತದೆ. ಚಮತ್ಕಾರವೆಂದರೆ ಆ ಜನರು ಅದನ್ನು ಹಾಗೆ ಕರೆಯುವದಿಲ್ಲ. ತುರ್ಕಿ ಕುಲದ ಭಾಷೆಗಳಲ್ಲಿ 'ಯುರ್ಟ್' ಎಂದರೆ ಮನೆ ಹೂಡಿದ ನೆಲ, ತವರುನಾಡು. ರಶಿಯನ್ನರ ಬಾಯಲ್ಲಿ ಆ ನೆಲದ ಹೆಸರು ಮನೆಯ ಹೆಸರಾಯಿತು. ಮಂಗೋಲರು ಅದಕ್ಕೆ 'ಗೆರ್' ಎನ್ನುವರು. ಕಿರ್ಗಿಜರು 'ಬೂದು ಮನೆ' ಎಂಬ ಅರ್ಥದಲ್ಲಿ 'ಬೊಜ್ ಉಯ್' ಎನ್ನುವರು. ಕಜಾಕರು 'ಕಿಯಿಜ್ ಉಯ್' ಎನ್ನುವರು. ಈ ಕೊನೆಯ ಹೆಸರಿನ ಅರ್ಥವೇ ಮುಖ್ಯವಾದದ್ದು: 'ನಮದೆಯ ಮನೆ'. ನಮದೆ ಎಂದರೆ ನೂಲದೆ, ನೇಯದೆ, ಉಣ್ಣೆಯನ್ನು ಹಾಗೆಯೇ ಹದಗೊಳಿಸಿ ಮಾಡಿದ ದಪ್ಪನೆಯ ಹಾಸು. ಕಾಶ್ಮೀರದಿಂದ ಬರುವ ನಮದೆಗಳನ್ನು ವಾಚಕರು ಕಂಡಿರಬಹುದು.

ಅದನ್ನು ಮಾಡುವ ಬಗೆ ಸರಳವಾದರೂ ಬಹಳ ಕೈಗಳನ್ನು ಬೇಡುವಂಥದು. ಕತ್ತರಿಸಿದ ಉಣ್ಣೆಯನ್ನು ಕೋಲುಗಳಿಂದ ಬಡಿದು ಹಿಂಜುತ್ತಾರೆ. ಚಾಪೆಯ ಮೇಲೆ ಪದರು ಪದರಾಗಿ ಹರಡಿ ನೀರು ಚಿಮುಕಿಸುತ್ತಾರೆ. ಅನಂತರ ಬಿಗಿಯಾಗಿ ಸುತ್ತಿ, ಉರುಳಿಸಿ, ತುಳಿದು, ಕೆಲವೆಡೆ ಕುದುರೆಯ ಹಿಂದೆ ಕಟ್ಟಿ ಎಳೆಸುತ್ತಾರೆ. ಉಣ್ಣೆಯ ಎಳೆಗಳ ಮೈ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿಂದ ಕೂಡಿರುವದರಿಂದ, ತೇವವೂ ತಿಕ್ಕಾಟವೂ ಸೇರಿದಾಗ ಎಳೆಗೆ ಎಳೆ ತೊಡರಿ ಎಂದೂ ಬಿಡದಂತೆ ಹೆಣೆದುಕೊಳ್ಳುತ್ತದೆ. ಹತ್ತಿಗೆ ಈ ಗುಣವಿಲ್ಲ. ಹೀಗೆ ಆದ ನಮದೆಯು ಗಾಳಿಯನ್ನು ತಡೆಯುತ್ತದೆ, ಬೆಚ್ಚಗನ್ನು ಹಿಡಿದಿಡುತ್ತದೆ.

ಇನ್ನು ಮನೆಯ ಅಸ್ಥಿಪಂಜರ. ತೆಳ್ಳನೆಯ ಕಟ್ಟಿಗೆಯ ಪಟ್ಟಿಗಳನ್ನು ಅಡ್ಡಡ್ಡಲಾಗಿ ಜೋಡಿಸಿ, ಕೂಡಿದಲ್ಲೆಲ್ಲ ತೊಗಲಿನ ಗಂಟು ಹಾಕಿ ಜಾಲರಿ ಮಾಡುತ್ತಾರೆ. ಎಳೆದರೆ ಅದು ಗೋಡೆಯಾಗುತ್ತದೆ, ಮಡಿಚಿದರೆ ಒಂದು ಹೊರೆಯಾಗುತ್ತದೆ. ಇಂಥ ಜಾಲರಿಗಳನ್ನು ದುಂಡಗೆ ನಿಲ್ಲಿಸಿ, ನಡುವೆ ಬಾಗಿಲ ಚೌಕಟ್ಟನ್ನಿಟ್ಟು, ಗೋಡೆಯ ನೆತ್ತಿಯನ್ನು ಪಟ್ಟಿಯಿಂದ ಸುತ್ತಿ ಬಿಗಿಯುತ್ತಾರೆ. ಮೇಲೆ ನಡುಮಧ್ಯದಲ್ಲಿ ಬಂಡಿಯ ಗಾಲಿಯಂಥ ಒಂದು ಚಕ್ರ. ಗೋಡೆಯಿಂದ ಆ ಚಕ್ರಕ್ಕೆ ನಾಲ್ಕೂ ಕಡೆಯಿಂದ ಜಂತಿಗಳು. ಜಂತಿಗಳು ಗೋಡೆಯನ್ನು ಹೊರಕ್ಕೆ ದೂಡುತ್ತವೆ, ಸುತ್ತಿದ ಪಟ್ಟಿಯು ಅದನ್ನು ಒಳಕ್ಕೆ ಹಿಡಿಯುತ್ತದೆ. ಆ ಎರಡು ಬಲಗಳ ಸಮತೂಕದಲ್ಲಿ ಮನೆ ನಿಲ್ಲುತ್ತದೆ. ಅಡಿಪಾಯವಿಲ್ಲ, ಮೊಳೆಯಿಲ್ಲ. ಒಂದೆರಡು ತಾಸಿನಲ್ಲಿ ಮನೆಮಂದಿಯೇ ಎತ್ತಿ ನಿಲ್ಲಿಸಬಹುದು, ಬಿಚ್ಚಿ ಒಂಟೆಯ ಮೇಲೆ ಹೇರಬಹುದು. ನಡುವಿನ ಚಕ್ರದಿಂದ ಬೆಳಕು ಬರುತ್ತದೆ, ಒಲೆಯ ಹೊಗೆ ಹೋಗುತ್ತದೆ. ಬೇಸಿಗೆಯಲ್ಲಿ ನಮದೆಯ ಕೆಳಸೆರಗನ್ನು ಮೇಲೆತ್ತಿ ಕಟ್ಟಿದರೆ ಜಾಲರಿಯೊಳಗಿಂದ ಗಾಳಿ ಸುಳಿಯುತ್ತದೆ. ಮಂಗೋಲರು ಬಾಗಿಲನ್ನು ದಕ್ಷಿಣಕ್ಕೆ ಇಡುವರು. ಬಾಗಿಲಿಗೆ ಎದುರಾದ ಉತ್ತರದ ಎಡೆ ಹಿರಿಯರಿಗೂ ದೇವರಿಗೂ, ಪಡುವಣ ಬದಿ ಗಂಡಸರಿಗೆ, ಮೂಡಣ ಬದಿ ಹೆಂಗಸರಿಗೆ, ನಟ್ಟನಡುವೆ ಬೆಂಕಿ. ಕೋಣೆಗಳಿಲ್ಲದ ಮನೆಯಲ್ಲಿಯೂ ಪಡಸಾಲೆ, ಅಡಿಗೆಮನೆ, ದೇವರಮನೆಗಳು ಹೀಗೆ ಉಂಟು.

ಈ ಮನೆಯು ಬಹು ಪುರಾತನವಾದದ್ದು. ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ ಇತಿಹಾಸಕಾರ ಹೆರೊಡೋಟಸನು, ಚಳಿಗಾಲದಲ್ಲಿ ಗಿಡಕ್ಕೆ ಬಿಳಿಯ ನಮದೆಯನ್ನು ಹೊದಿಸಿ ಅದರಡಿಯಲ್ಲಿ ವಾಸಿಸುವ ಜನರ ಸಂಗತಿಯನ್ನು ಬರೆದಿದ್ದಾನೆ. ಅಲ್ತಾಯಿ ಪರ್ವತದ ಪಾಜಿರಿಕ್ ಎಂಬಲ್ಲಿ, ಹಿಮದಲ್ಲಿ ಹುದುಗಿದ್ದ ಸಮಾಧಿಗಳಲ್ಲಿ, ಎರಡು ಸಾವಿರ ವರುಷಕ್ಕೂ ಹಿಂದಿನ ಚಿತ್ರದ ನಮದೆಗಳು ಕೆಡದೆ ದೊರೆತಿವೆ. 1253ರಲ್ಲಿ ಮಂಗೋಲ ಖಾನನಲ್ಲಿಗೆ ಹೊರಟ ರುಬ್ರುಕಿನ ವಿಲಿಯಮನೆಂಬ ಪಾದ್ರಿಯು, ಬಿಚ್ಚದೆಯೇ ಬಂಡಿಯ ಮೇಲಿಟ್ಟು ಸಾಗಿಸುವ ಮನೆಗಳನ್ನು ಕಂಡನು. ಒಂದು ಬಂಡಿಯ ಗಾಲಿಗಳ ನಡುವಣ ಅಂತರವನ್ನು ಅಳೆದಾಗ 20 ಅಡಿ ಇದ್ದಿತಂತೆ. ಒಂದು ಮನೆಯನ್ನು 22 ಎತ್ತುಗಳು ಎಳೆಯುತ್ತಿದ್ದುದನ್ನು ಎಣಿಸಿದನಂತೆ! ಮೊಗಲರೊಡನೆ ಈ ಮನೆಯ ನೆನಪು ಹಿಂದುಸ್ಥಾನಕ್ಕೂ ಬಂದಿತು. ಅಕಬರನ ಪಾಳೆಯದ ಡೇರೆಗಳನ್ನು ವರ್ಣಿಸುವಾಗ ಅಬುಲ್ ಫಜಲನು 'ಖರ್ಗಾಹ' ಎಂಬ ಮಡಿಚುವ ಮನೆಯನ್ನು ಹೆಸರಿಸಿದ್ದಾನೆ; ಒಂದು ಬಾಗಿಲಿನವೂ ಎರಡು ಬಾಗಿಲಿನವೂ ಇದ್ದವೆಂದು ಹೇಳಿದ್ದಾನೆ.

ಕನ್ನಡನಾಡಿನ ಅರಸರೂ ಡೇರೆಗಳನ್ನು ಬಲ್ಲವರೇ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗೀಜ ಪಯಸನು, ಮಹಾನವಮಿಯ ತರುವಾಯದ ಸೈನ್ಯದ ಪರಿವೀಕ್ಷಣೆಗೆಂದು ಕೃಷ್ಣದೇವರಾಯನು ಪಟ್ಟಣದ ಹೊರಗೆ ಮಕಮಲ್ಲಿನ ಡೇರೆಯನ್ನು ಹೊಡೆಯಿಸಿದ್ದನ್ನು ಬರೆದಿದ್ದಾನೆ. ರಾಯಚೂರಿನ ದಂಡಯಾತ್ರೆಯನ್ನು ವರ್ಣಿಸಿದ ನೂನಿಜನು, ಪಾಳೆಯದ ನಡುವೆ ಅರಸನ ಡೇರೆಯ ಸುತ್ತ ಮುಳ್ಳಿನ ದೊಡ್ಡ ಬೇಲಿಯಿದ್ದು ಅದಕ್ಕೆ ಒಂದೇ ಬಾಗಿಲಿತ್ತೆಂದು ಹೇಳುತ್ತಾನೆ. ಟೀಪುಸುಲ್ತಾನನ ಹೂವಿನ ಚೀಟಿಬಟ್ಟೆಯ ಡೇರೆಯೊಂದು ಇಂದಿಗೂ ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ. ಅರಸನ ಡೇರೆಗೆ ಪ್ರವಾಸಿಯ ಲೇಖನಿ ಸಿಕ್ಕಿತು, ಪರದೇಶದ ಸಂಗ್ರಹಾಲಯ ಸಿಕ್ಕಿತು. ಆದರೆ ಅದೇ ಮುಳ್ಳುಬೇಲಿಯನ್ನು ಪ್ರತಿ ಸಂಜೆಯೂ ತನ್ನ ಕುರಿಗಳ ಸುತ್ತ ಹಾಕಿ, ಬಾಗಿಲಿಗೆ ತಾನೇ ಅಡ್ಡ ಮಲಗುವವನ ಬಿಡಾರವನ್ನು ಯಾರೂ ಬರೆದಿಡಲಿಲ್ಲ.

ಆ ಬಿಡಾರವು ಎಂಥದು? ಮುರಗೋಡ, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯು ಒಂದು ಕಡೆ ಮಲೆನಾಡಿನ ಸೆರಗಿಗೂ ಇನ್ನೊಂದು ಕಡೆ ಒಣ ಬಯಲಿಗೂ ನಡುವೆ ಬಿದ್ದಿದೆ. ಕುರಿಯ ಗೊರಸಿಗೆ ಕೆಸರು ವೈರಿ. ಆದುದರಿಂದ ಮಳೆಗಾಲದಲ್ಲಿ ಮಂದೆಗಳು ಮೂಡಣ ಒಣಸೀಮೆಯಲ್ಲಿರುತ್ತವೆ. ಸುಗ್ಗಿಯಾದ ಮೇಲೆ ಕೂಳೆಯ ಮೇವನ್ನರಸಿ ಪಡುವಣಕ್ಕೆ ಸಾಗುತ್ತವೆ. ಕುಟುಂಬವೂ ಜೊತೆಗೆ ನಡೆಯುತ್ತದೆ. ಕುದುರೆಯ ಬೆನ್ನ ಮೇಲೆ ಪಾತ್ರೆ ಪಡಗ, ಹಿಟ್ಟಿನ ಚೀಲ, ಕಂಬಳಿ, ನಡೆಯಲಾರದ ಕುರಿಮರಿ, ಒಮ್ಮೊಮ್ಮೆ ನಡೆಯಲಾರದ ಕೂಸು. ಹೊಲದ ಒಡೆಯನು ಮಂದೆಯನ್ನು ತನ್ನ ಹೊಲದಲ್ಲಿ ನಿಲ್ಲಿಸಿಕೊಂಡು, ಗೊಬ್ಬರಕ್ಕೆ ಪ್ರತಿಯಾಗಿ ಜೋಳವನ್ನೋ ಹಣವನ್ನೋ ಕೊಡುವನು. ಇದು ಭಿಕ್ಷೆಯಲ್ಲ, ಕರಾರು. ಒಕ್ಕಲಿಗನ ನೆಲವು ಕುರುಬನ ಅಲೆದಾಟದಿಂದ ಸಾರ ಪಡೆಯಿತು. ಕುರುಬನ ಅಲೆದಾಟವು ಒಕ್ಕಲಿಗನ ನೆಲೆಯಿಂದ ಅನ್ನ ಪಡೆಯಿತು. 'ಬೀಡು' ಎಂಬ ಶಬ್ದದ ಎರಡು ಅರ್ಥಗಳು ಕೂಡುವದು ಇಂಥ ಹೊಲದಲ್ಲಿಯೇ.

ಹಾಗಾದರೆ ಉಣ್ಣೆ ಇದ್ದೂ ಈ ನಾಡಿನ ಕುರುಬನು ನಮದೆಯ ಮನೆಯನ್ನು ಏಕೆ ಕಟ್ಟಲಿಲ್ಲ? ವಿಚಾರಿಸಿದರೆ ಕಾರಣಗಳು ತೋರುತ್ತವೆ. ಹುಲ್ಲುಗಾವಲಿನ ಮಂಗೋಲನು ಒಂದೆಡೆಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ನಿಲ್ಲುತ್ತಾನೆ. ಮೈಲುಗಟ್ಟಲೆ ಅವನ ನೆರೆಯಲ್ಲಿ ಊರಿಲ್ಲ. ಸೊನ್ನೆಗಿಂತ 30 ಅಂಶ ಕೆಳಗಿಳಿಯುವ ಚಳಿ ಅವನನ್ನು ಕೊಲ್ಲಬಲ್ಲದು. ಇಲ್ಲಿಯ ಕುರುಬನಾದರೋ ಹೊಲದಿಂದ ಹೊಲಕ್ಕೆ ಒಂದೆರಡು ರಾತ್ರಿಗೊಮ್ಮೆ ಏಳಬೇಕು. ಕಟ್ಟಿಗೆಯ ಜಾಲರಿಯನ್ನೂ ಚಕ್ರವನ್ನೂ ಹೊತ್ತು ತಿರುಗುವ ಒಂಟೆಗಳು ಅವನಲ್ಲಿಲ್ಲ, ಅಷ್ಟು ಗೋಡೆಯ ಅವಶ್ಯಕತೆಯೂ ಇಲ್ಲ. ಅವನಿಗೆ ಬೇಕಾದದ್ದು ಮಳೆಯ ಸೆಳಕನ್ನೂ ಮಾಗಿಯ ಚಳಿಯನ್ನೂ ತಡೆಯುವ, ಹೆಗಲ ಮೇಲೆ ಕೂಡುವ ಒಂದು ಮನೆ. ಅದೇ ಕಂಬಳಿ.

ಕಂಬಳಿಯನ್ನು ಬರಿಯ ಹೊದಿಕೆಯೆಂದು ತಿಳಿದವರು ಕುರುಬನನ್ನು ಕಂಡವರಲ್ಲ. ಮೂಲೆ ಮಡಿಚಿ ತಲೆಗೆ ಹಾಕಿದರೆ ಅದು ಮಳೆಗೆ ಕೊಪ್ಪೆ. ಕೋಲಿನ ಮೇಲೆ ಹರವಿದರೆ ಮಾಡು. ನೆಲಕ್ಕೆ ಹಾಸಿದರೆ ಹಾಸಿಗೆ. ಗಂಟು ಕಟ್ಟಿದರೆ ಚೀಲ. ದೇವರ ಕಾರ್ಯದಲ್ಲಿ ಹಾಸಿದರೆ ಗದ್ದಿಗೆ. ದಖ್ಖನಿ ಕುರಿಯ ಕರಿಯ ಒರಟು ಉಣ್ಣೆಯನ್ನು ವರುಷಕ್ಕೆ ಎರಡು ಸಲ ಕತ್ತರಿಸುವರು. ಹಿಂಜಿ, ಹೆಂಗಸರು ನೂತು, ಗಂಡಸರು ಮಗ್ಗದಲ್ಲಿ ನೆಯ್ದು, ಹುಣಸೆಬೀಜದ ಸರಿಯನ್ನು ಹಚ್ಚಿ ಬಿಗುಪು ಮಾಡುವರು. ನೆನೆದರೂ ಬೆಚ್ಚಗಿಡುವ ಗುಣ ಉಣ್ಣೆಗಿದೆ. ಜಿಟಿಮಳೆಯ ಹನಿ ಒರಟು ಕೂದಲಿನ ಮೇಲೆಯೇ ಜಾರಿಹೋಗುತ್ತದೆ. ಕುರುಬರೊಳಗೆ ಉಣ್ಣೆಕಂಕಣ, ಹತ್ತಿಕಂಕಣ ಎಂಬ ಎರಡು ಪಂಗಡಗಳಿವೆ. ಮದುವೆಯಲ್ಲಿ ಕೈಗೆ ಕಟ್ಟುವ ಕಂಕಣದ ನೂಲಿನಿಂದಲೇ ಒಂದು ಜನವು ತನ್ನನ್ನು ಗುರುತಿಸಿಕೊಂಡಿದ್ದನ್ನು ನೋಡಿದರೆ, ಉಣ್ಣೆಯು ಅವರ ಬಾಳಿನಲ್ಲಿ ಎಷ್ಟು ಆಳಕ್ಕಿಳಿದಿತ್ತೆಂಬದು ತಿಳಿಯುವದು. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ಪೂಜಿಸಿ ಶರಣನಾದ ವೀರಗೊಲ್ಲಾಳನ ಐತಿಹ್ಯವು ಇದೇ ಬಾಳಿನಿಂದ ಹುಟ್ಟಿದ್ದು.

ಮನೆ ಹೊತ್ತು ತಿರುಗುವವರನ್ನು ರಾಜ್ಯಗಳು ಮಾತ್ರ ಎಂದೂ ನಂಬಲಿಲ್ಲ. 1871ರಲ್ಲಿ ಹುಟ್ಟಿದ 'ಅಪರಾಧಿ ಜಾತಿ'ಗಳ ಕಾಯದೆಯನ್ನು 1911ರಲ್ಲಿ ಬ್ರಿಟಿಷ ಹಿಂದುಸ್ಥಾನಕ್ಕೆಲ್ಲ ಹಬ್ಬಿಸಿದರು. ಅನೇಕ ಅಲೆಮಾರಿ ಕುಲಗಳನ್ನು ವಿಜಾಪುರ, ಹುಬ್ಬಳ್ಳಿ, ಗದಗಗಳ ಸೆಟ್ಲಮೆಂಟುಗಳಲ್ಲಿ ತಂತಿಬೇಲಿಯೊಳಗೆ ಕೂಡಿದರು. ಸ್ವತಂತ್ರ ಭಾರತವು ಆ ಕಾಯದೆಯನ್ನು ತೆಗೆದುಹಾಕಿದ್ದು 1952ರಲ್ಲಿ. ಕಜಾಕರ ಗತಿಯು ಇನ್ನೂ ಘೋರವಾದದ್ದು. 1930ರ ಸುಮಾರಿಗೆ ಸೋವಿಯತ್ ಸರಕಾರವು ಅವರ ಮಂದೆಗಳನ್ನು ಕಸಿದು, ಅವರನ್ನು ಬಲಾತ್ಕಾರದಿಂದ ಒಂದೆಡೆ ನಿಲ್ಲಿಸಿತು. 1930ರಿಂದ 1933ರವರೆಗಿನ ಕ್ಷಾಮದಲ್ಲಿ ಸುಮಾರು 15 ಲಕ್ಷ ಜನರು ಸತ್ತರು. ಕುರಿ ಸತ್ತಿತು, ಉಣ್ಣೆ ನಿಂತಿತು, ಮನೆ ಮುರಿಯಿತು. ಉಣ್ಣೆಯ ಮನೆಗೆ ಅಡಿಪಾಯವಿಲ್ಲವೆಂದು ಮೇಲೆ ಹೇಳಿತಷ್ಟೆ. ನಿಜವಾಗಿ ಅದರ ಅಡಿಪಾಯವು ಮಂದೆಯೇ ಆಗಿತ್ತು.

ಆ ಮನೆಯು ಮುಂದೆ ಮರುಹುಟ್ಟು ಪಡೆದದ್ದು ಎರಡು ದಾರಿಯಿಂದ. ಒಂದು, ತನ್ನ ನಾಡಿನಲ್ಲಿಯೇ. 1992ರಲ್ಲಿ ಹೊಸದಾಗಿ ಸ್ವತಂತ್ರವಾದ ಕಿರ್ಗಿಜಸ್ತಾನವು ಆ ಮನೆಯ ನೆತ್ತಿಯ ಚಕ್ರವನ್ನು ತನ್ನ ಧ್ವಜದ ನಡುವೆ ಇಟ್ಟುಕೊಂಡಿತು. ಕಜಾಕಸ್ತಾನವು ತನ್ನ ಲಾಂಛನದಲ್ಲಿ ಇಟ್ಟುಕೊಂಡಿತು. ಯುನೆಸ್ಕೊ ಸಂಸ್ಥೆಯು 2013ರಲ್ಲಿ ಮಂಗೋಲರ ಗೆರ್ ಕಟ್ಟುವ ಕುಶಲತೆಯನ್ನೂ, 2014ರಲ್ಲಿ ಕಜಾಕ ಕಿರ್ಗಿಜರ ಯುರ್ಟು ಮಾಡುವ ವಿದ್ಯೆಯನ್ನೂ ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಪಟ್ಟಿಗೆ ಸೇರಿದ್ದು ಕಟ್ಟಿದ ಮನೆಯಲ್ಲ, ಕಟ್ಟುವ ಕೈ ಎಂಬದನ್ನು ಲಕ್ಷಿಸಬೇಕು.

ಎರಡನೆಯ ದಾರಿ ದೂರದ ಅಮೇರಿಕೆಯದು. ವಿಲಿಯಮ್ ಕೋಪರ್ಥ್ವೇಟ್ ಎಂಬ ಶಿಕ್ಷಕನು 1962ರ ಒಂದು ಮಾಸಿಕದಲ್ಲಿ ಮಂಗೋಲಿಯದ ಲೇಖನವನ್ನೂ ಚಿತ್ರಗಳನ್ನೂ ಕಂಡು ಮರುಳಾದನು. ಅವನು ತನ್ನ ವಿದ್ಯಾರ್ಥಿಗಳೊಡನೆ, ಹೊರಕ್ಕೆ ಬಾಗಿದ ಹಲಗೆಯ ಗೋಡೆಗಳುಳ್ಳ ಕಟ್ಟಿಗೆಯ ಯುರ್ಟುಗಳನ್ನು ಕಟ್ಟಿದನು. ಹಳೆಯ ಪಟ್ಟಿಯ ಸ್ಥಾನದಲ್ಲಿ ಉಕ್ಕಿನ ತಂತಿಯನ್ನು ಬಿಗಿದನು. ಸಾಮಾನ್ಯ ಮನುಷ್ಯನು ಪರರ ಹಂಗಿಲ್ಲದೆ ತನ್ನ ಕೈಯಿಂದಲೇ ಕಟ್ಟಿಕೊಳ್ಳಬಹುದಾದ ಮನೆ ಅವನಿಗೆ ಬೇಕಾಗಿತ್ತು. 2013ರಲ್ಲಿ ತೀರಿಕೊಳ್ಳುವವರೆಗೂ ಅವನು ಮೇಯ್ನ್ ಸಂಸ್ಥಾನದ ಕಾಡಿನಲ್ಲಿ ಅಂಥ ಮನೆಯಲ್ಲಿಯೇ ಬಾಳಿದನು. ಬೇರೆಯವರು ನಮದೆಯನ್ನು ಬಿಟ್ಟು ದಪ್ಪ ಕ್ಯಾನ್ವಾಸನ್ನು ಹೊದಿಸಿದರು. 1978ರಲ್ಲಿ ಓರೆಗನ್ ಸಂಸ್ಥಾನದಲ್ಲಿ ಇಂಥ ಮನೆಗಳನ್ನು ಮಾರಾಟಕ್ಕೆ ಮಾಡುವ ಕಾರಖಾನೆಯೇ ಹುಟ್ಟಿತು. 1993ರಿಂದ ಆ ಸಂಸ್ಥಾನದ ಉದ್ಯಾನಗಳಲ್ಲಿ ಯಾತ್ರಿಕರ ವಸತಿಗೆ ಅವು ನಿಂತಿವೆ.

ಈ ಆಧುನಿಕ ಯುರ್ಟಿನ ವಾಸವು ಗುಣದೋಷಗಳೆರಡನ್ನೂ ಉಳ್ಳದ್ದು. ದುಂಡಗಿರುವದರಿಂದ ಗಾಳಿಯ ಹೊಡೆತ ಜಾರಿಹೋಗುತ್ತದೆ. ಕಡಿಮೆ ಸಾಮಾನಿನಲ್ಲಿ ಹೆಚ್ಚು ಎಡೆ ದೊರೆಯುತ್ತದೆ. ಆದರೆ ಮೂಲೆಯಿಲ್ಲದ ಮನೆಯಲ್ಲಿ ಕಪಾಟು ಗೋಡೆಗೆ ಹತ್ತಿ ನಿಲ್ಲುವದಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಿರುವದಿಲ್ಲ. ಮಳೆ ಹೆಚ್ಚಾದ ನಾಡಿನಲ್ಲಿ ನೆಲದಿಂದ ಎತ್ತರಿಸಿದ ಕಟ್ಟಿಗೆಯ ಜಗಲಿಯಿಲ್ಲದಿದ್ದರೆ ಬೂಜು ಹತ್ತುತ್ತದೆ. ಬಟ್ಟೆಯನ್ನು ಕೆಲವು ವರುಷಗಳಿಗೊಮ್ಮೆ ಬದಲಿಸಲೇಬೇಕು. ತವರುನಾಡಿನಲ್ಲಿಯೂ ಅದರ ಬಾಳು ನಿರಾತಂಕವಲ್ಲ. ಚಳಿಗೆ ದನಕರುಗಳನ್ನು ಕಳೆದುಕೊಂಡ ಕುಟುಂಬಗಳು ಗೆರ್‌ಗಳನ್ನು ಹೊತ್ತು ಉಲಾನ್‌ಬಾತರಕ್ಕೆ ಬಂದವು. ಆ ರಾಜಧಾನಿಯ ಅರ್ಧಕ್ಕಿಂತ ಹೆಚ್ಚು ಜನರು ಗೆರ್ ಮೊಹಲ್ಲೆಗಳಲ್ಲಿ ನೆಲೆಸಿದರು. ಅವರ ಒಲೆಗಳ ಕಲ್ಲಿದ್ದಲ ಹೊಗೆ ಊರನ್ನೇ ಮುಚ್ಚಿದ್ದರಿಂದ 2019ರಲ್ಲಿ ಹಸಿ ಕಲ್ಲಿದ್ದಲನ್ನು ಸುಡುವದನ್ನು ನಿಷೇಧಿಸಬೇಕಾಯಿತು. ಹುಲ್ಲುಗಾವಲಿನಲ್ಲಿ ಬೆಂಕಿಯ ಸುತ್ತ ನಿಂತ ಮನೆ, ಓಣಿಯಲ್ಲಿ ಸಾಲಾಗಿ ನಿಂತಾಗ ಉಸಿರು ಕಟ್ಟಿಸಿತು.

ಆ ನಾಡು ಕನ್ನಡನಾಡಿಗೆ ತೋರುವಷ್ಟು ದೂರದ್ದೇನೂ ಅಲ್ಲ. ಮುರಗೋಡದಿಂದ ಒಂದು ದಿನದ ಪ್ರಯಾಣಕ್ಕೆ ಒಳಗಾದ ಮುಂಡಗೋಡದ ಟಿಬೇಟಿ ವಸತಿಯಲ್ಲಿ ಡ್ರೆಪುಂಗ್ ಗೋಮಾಂಗ್ ವಿಹಾರವಿದೆ. ಅಲ್ಲಿ ಮಂಗೋಲಿಯದಿಂದ ಬಂದ ಭಿಕ್ಷುಗಳು ಶಾಸ್ತ್ರಾಭ್ಯಾಸ ಮಾಡುತ್ತಾರೆ. ಗೆರ್‌ನ ನಾಡಿನವರಿಗೂ ಕಂಬಳಿಯ ನಾಡಿನವರಿಗೂ ನಡುವಣ ಹಾದಿ ಹೀಗೆ ಒಂದೇ ಜಿಲ್ಲೆಯ ಅಂತರಕ್ಕೆ ಬಂದಿದೆ.

ಈಗ ಕಂಬಳಿಯ ಕಡೆಗೆ ತಿರುಗಬೇಕು. ಮಲಪ್ರಭೆಗೆ ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟು 1972ರಲ್ಲಿ ಮುಗಿಯಿತು. ಕಾಲುವೆಯ ನೀರು ಬಂದು ಒಕ್ಕಲುತನಕ್ಕೆ ಜೀವ ತುಂಬಿತು, ಬೆಳಗಾವಿ ಜಿಲ್ಲೆಯು ಸಕ್ಕರೆಯ ಜಿಲ್ಲೆಯೆನಿಸಿತು. ಆದರೆ ಕಬ್ಬು ನಿಂತ ಹೊಲದಲ್ಲಿ ಕೂಳೆಯಿಲ್ಲ, ಬೀಡಿಲ್ಲ. ಸರಕಾರಿ ಗೊಬ್ಬರದ ಚೀಲ ಬಂದ ಮೇಲೆ ಮಂದೆಯ ದಾರಿ ಕಾಯುವವರೂ ಕಡಿಮೆಯಾದರು. ಅಗ್ಗದ ಗಿರಣಿ ಚಾದರುಗಳು ಸಂತೆಯಲ್ಲಿ ಕಂಬಳಿಯನ್ನು ಹಿಂದೆ ತಳ್ಳಿದವು. ಉಣ್ಣೆಗೆ ಬೆಲೆಯಿಲ್ಲವಾದುದರಿಂದ ಕುರುಬರು ಮಾಂಸಕ್ಕೆ ಒದಗುವ, ಉಣ್ಣೆ ಕಡಿಮೆಯ ಮಾಡಗ್ಯಾಳದಂಥ ತಳಿಗಳನ್ನು ಸಾಕತೊಡಗಿದರು. ದಖ್ಖನಿ ಕುರಿಯ ಉಣ್ಣೆಯನ್ನು ಕತ್ತರಿಸುವ ಕೂಲಿಯೂ ಹುಟ್ಟದೆ, ಕತ್ತರಿಸಿದ್ದನ್ನು ಹೊಲದ ಬದುವಿನಲ್ಲಿಯೇ ಬಿಸಾಡುವದೂ ಉಂಟು. ಇಂದು ಮಂದೆಯ ಬಳಿ ಕಾಣುವ ಮಾಡು ಬಹುಮಟ್ಟಿಗೆ ನೀಲಿಯ ಪ್ಲಾಸ್ಟಿಕ್ ತಾಡಪತ್ರಿಯದು. ಅದು ಅಗ್ಗವಾದದ್ದು, ಹಗುರವಾದದ್ದು; ನೀರನ್ನು ಕಂಬಳಿಗಿಂತ ಚೆನ್ನಾಗಿ ತಡೆಯುವದು. ಅದನ್ನು ಹಿಡಿದ ಕುರುಬನನ್ನು ದೂರುವದು ನ್ಯಾಯವಲ್ಲ.

ಆದರೂ ಎರಡು ಉಣ್ಣೆಯ ಮನೆಗಳ ಕಥೆಯನ್ನು ಒತ್ತಟ್ಟಿಗಿಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಯುರ್ಟು ಉಳಿದದ್ದು ಅದರ ಹಳೆಯ ರೂಪವನ್ನು ಮುಟ್ಟದೆ ಕಾಯ್ದದ್ದರಿಂದಲ್ಲ. ಅದು ಕ್ಯಾನ್ವಾಸನ್ನು ಹೊದೆಯಿತು, ಉಕ್ಕಿನ ತಂತಿಯನ್ನು ಸುತ್ತಿಕೊಂಡಿತು, ಯಾತ್ರಿಕರ ವಸತಿಯಾಯಿತು. ಇಷ್ಟಾದರೂ ತವರುನಾಡಿನಲ್ಲಿ ಕುರಿಯೂ ಉಳಿಯಿತು, ನಮದೆ ಮಾಡುವ ಕೈಯೂ ಉಳಿಯಿತು. ಅದನ್ನು ಮನೆಯೆಂದು, ವಿದ್ಯೆಯೆಂದು ಜನರು ಒಪ್ಪಿದರು. ಕಂಬಳಿಗೆ ಆ ಒಪ್ಪಿಗೆಯೇ ದೊರೆತಿಲ್ಲ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗಿ, ಬಂಡಿಯ ಅಡಿಯಲ್ಲಿ ಒಲೆ ಹೂಡಿ ದಿನಗಳನ್ನು ಕಳೆದು ಬರುವ ಒಕ್ಕಲಿಗರ ಮನೆತನಗಳು ಬಿಡಾರದ ಸುಖವನ್ನು ಅರಿಯದವಲ್ಲ. ಅವರು ವರುಷಕ್ಕೊಮ್ಮೆ ಬಾಳುವ ಆ ಬಾಳುವೆಯನ್ನು ಕುರುಬನು ವರುಷವೆಲ್ಲ ಬಾಳಿದನು. ಅವರ ಹೊಲಕ್ಕೆ ಸಾರವನ್ನೂ ಅವರ ಹೆಗಲಿಗೆ ಹೊದಿಕೆಯನ್ನೂ ಕೊಟ್ಟನು.

ನೂಲುವ ಮುದುಕಿಯರೂ ನೆಯ್ಯುವ ಮುದುಕರೂ ಈ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಕೆಲವರಿದ್ದಾರೆ. ಯಾವ ಉಣ್ಣೆಯನ್ನು ಯಾವ ತಿಂಗಳಲ್ಲಿ ಕತ್ತರಿಸಬೇಕು, ಎಷ್ಟು ಸರಿ ಹಚ್ಚಿದರೆ ನೀರು ಜಾರುತ್ತದೆ ಎಂಬುದೆಲ್ಲ ಅವರ ಬೆರಳುಗಳಲ್ಲಿದೆ, ಯಾವ ಶಾಸನದಲ್ಲಿಯೂ ಇಲ್ಲ. ಆ ತಿಳಿವಳಿಕೆಯನ್ನು ಕೇಳಿ ಬರೆದಿಡುವವರು ಈಗಲೇ ಹೊರಡಬೇಕು. ಕೋಟೆ ಬಿದ್ದರೆ ಕಲ್ಲನ್ನಾದರೂ ಎಣಿಸಬಹುದು. ಉಣ್ಣೆಯ ಮನೆಯು ಮರೆಯಾದರೆ ಎಣಿಸುವದಕ್ಕೆ ಏನೂ ಉಳಿಯದು.